ಮಳೆಗಾಲದಲ್ಲಿ ಬರಬೇಕಿತ್ತು

ಏಪ್ರಿಲ್ ಎರಡನೇ ವಾರ ಕಳೆಯಿತೆಂದರೆ ಶಿವಮೊಗ್ಗದವರ ಮನೆಗೆ ಬೆಂಗಳೂರಿನಿಂದ ಫೋನು ಬರಲು ಶುರು. ಮಕ್ಕಳ ಪರೀಕ್ಷೆ ಮುಗಿಯಿತು, ಇಲ್ಲಿ ಸೆಖೆ ತಡೆಯೋಕಾಗ್ತಿಲ್ಲ, ನಿಮ್ಮ ಕಡೆಯಾದರೂ ತಂಪಿರುತ್ತಲ್ಲ ಎಂಬುದು ಮಾತಿನ ಸಾರಾಂಶ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, ನಮ್ಮ ಪೇಟೆ 600ಕ್ಕೂ ಕೆಳಗೆ, ಮೇ ತಿಂಗಳ ಮಧ್ಯಾಹ್ನ ದುರ್ಗಿಗುಡಿಯಲ್ಲಿ ನಿಂತರೆ ಚಪ್ಪಲಿ ಡಾಂಬರಿಗೆ ಅಂಟುತ್ತದೆ ಎಂದೆಲ್ಲ ಫೋನಿನಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ಬರಬೇಡಿ ಅಂದಂತಾಗುತ್ತದೆ. 'ಬನ್ನಿ ಬನ್ನಿ, ಹಲಸಿನಹಣ್ಣು ಇದೆ' ಅನ್ನುತ್ತೇವೆ. ಅದು ನಿಜವೇ.

ಬಂದವರಿಗೆ ಊರು ತೋರಿಸುವುದಕ್ಕೆ ಎಲ್ಲ ಮನೆಗಳಲ್ಲೂ ಒಂದೇ ಪಂಚಾಂಗ. ಮೊದಲ ಬೆಳಗ್ಗೆ ಸಕ್ರೆಬೈಲು. ಗಾಜನೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಆನೆಗಳು ಮಗ್ಗುಲಾಗಿ ಮಲಗಿ, ಸೊಂಡಿಲಿನ ತುದಿಯನ್ನಷ್ಟೇ ನೀರ ಮೇಲೆ ಬಿಟ್ಟುಕೊಂಡು, ಮಾವುತರಿಂದ ಮೈ ಉಜ್ಜಿಸಿಕೊಳ್ಳುವುದನ್ನು ನೋಡಬೇಕು. ಯಾವ ಕಾಲದಲ್ಲೂ ಮರ್ಯಾದೆ ಕಳೆಯದ ಜಾಗ ಇದು. ಬೇಸಿಗೆಯಲ್ಲಂತೂ ದಡದಲ್ಲಿ ಟಿಕೆಟು ಹಿಡಿದು ಬೆವರುತ್ತಾ ನಿಂತವರು ಯಾರು, ಪುಣ್ಯವಂತರು ಯಾರು ಎಂಬುದರಲ್ಲಿ ಸಂಶಯವೇ ಉಳಿಯುವುದಿಲ್ಲ. ಅಲ್ಲಿಂದ ಸಾಗರ ರಸ್ತೆಯ ತ್ಯಾವರೆಕೊಪ್ಪ. ಹುಲಿ ನೆರಳು ಹುಡುಕಿಕೊಂಡು ನಮ್ಮ ಕಡೆ ಬೆನ್ನು ಹಾಕಿ ಮಲಗಿರುತ್ತದೆ. ಸಫಾರಿ ಬಸ್ಸಿನ ತುಂಬ ಮೊಬೈಲುಗಳು ಆ ಬೆನ್ನಿನ ಫೋಟೋ ತೆಗೆಯುತ್ತವೆ.

ಮರುದಿನ ಜೋಗ. ಕಷ್ಟ ಶುರುವಾಗುವುದು ಅಲ್ಲಿ. 253 ಮೀಟರಿನ ಬಂಡೆ ಎದುರಿಗಿದೆ, ನೀರನ್ನು ಮಾತ್ರ ಬೆರಳು ತೋರಿಸಿ ಹುಡುಕಿಕೊಡಬೇಕು. ರಾಜ, ರಾಣಿ, ರೋರರ್, ರಾಕೆಟ್ ನಾಲ್ವರಲ್ಲಿ ಇವತ್ತು ಯಾರು ಮನೆಯಲ್ಲಿದ್ದಾರೆ ಎಂದು ವಿಚಾರಿಸಿದ ಹಾಗಿರುತ್ತದೆ. ಶರಾವತಿಯ ನೀರೆಲ್ಲ 1964ರಿಂದ ಲಿಂಗನಮಕ್ಕಿಯಲ್ಲಿ ನಿಂತು ಕರೆಂಟಾಗಿ ಹೋಗುತ್ತಿದೆ ಎಂದು ನಾವು ವಿವರಿಸುತ್ತೇವೆ. ಬೆಂಗಳೂರಿನ ಭಾವ ಕೈಯಲ್ಲಿ ಚುರುಮುರಿ ಪೊಟ್ಟಣ ಹಿಡಿದುಕೊಂಡು ಸೌಜನ್ಯದಿಂದ ಬಂಡೆ ನೋಡುತ್ತಾರೆ. ಆಗ ನಮ್ಮ ಬಾಯಿಂದ ತಾನಾಗಿಯೇ ಹೊರಡುತ್ತದೆ: 'ನೀವು ಮಳೆಗಾಲದಲ್ಲಿ ಬರಬೇಕಿತ್ತು ಮಾರಾಯ್ರೆ.'

ಈ ಮಾತಿಗೆ ಮಲೆನಾಡಿನಲ್ಲಿ ಸಮಯ ಸಂದರ್ಭವಿಲ್ಲ. ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ಕಾರು ನಿಲ್ಲಿಸಿದರೆ ತುಂಗೆಯ ನಡುಗಡ್ಡೆಯ ಮರಗಳು ಖಾಲಿ. ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಲು ಬರುವುದು ಮಳೆ ಹಿಡಿದ ಮೇಲೆ. ಮಳೆಗಾಲದಲ್ಲಿ ಬರಬೇಕಿತ್ತು. ಆಗುಂಬೆಯ ಸೂರ್ಯಾಸ್ತಕ್ಕೆ ಹೋದರೆ ಕರಾವಳಿಯ ಕಡೆಯೆಲ್ಲ ಬಿಸಿಲ ಮಬ್ಬು, ಸೂರ್ಯ ಸಮುದ್ರ ಮುಟ್ಟುವ ಮೊದಲೇ ಬೂದಿಯೊಳಗೆ ಇಳಿದುಬಿಡುತ್ತಾನೆ. ಇಲ್ಲಿಗೆ ಡಿಸೆಂಬರಿನಲ್ಲಿ ಬರಬೇಕಿತ್ತು. ಮಾತು ನಂಬಿ ಯಾರಾದರೂ ಜುಲೈನಲ್ಲಿ ಬಂದರೆ ಜೋಗದ ಕಣಿವೆಯಲ್ಲಿ ಗಂಟೆಗಟ್ಟಲೆ ಮಂಜು, ಜಲಪಾತ ಕಿವಿಗೆ ಮಾತ್ರ. ವಾಪಸು ಕಾರಿಗೆ ಬಂದರೆ ಸಾಕ್ಸಿನೊಳಗೆ ಇಂಬಳ. ಆಗ ನಾವು, ಸ್ವಲ್ಪವೂ ಅಳುಕಿಲ್ಲದೆ, 'ಸೆಪ್ಟೆಂಬರ್ ಕೊನೆಗೆ ಬರಬೇಕಿತ್ತು' ಅನ್ನುತ್ತೇವೆ.

ನನಗೆ ಈಚೆಗೆ ಅನಿಸುವುದು, ಇದರಲ್ಲಿ ಅರ್ಧ ನಮ್ಮದೇ ಸೋಮಾರಿತನ. ಬೇಸಿಗೆಯಲ್ಲಿ ಏನು ತೋರಿಸಬೇಕೆಂದು ಯೋಚಿಸಿಲ್ಲ, ಆದ್ದರಿಂದ ತೋರಿಸಲು ಏನೂ ಇಲ್ಲ ಎಂದುಕೊಂಡಿದ್ದೇವೆ. ಮಳೆಗಾಲ ಮಲೆನಾಡಿಗೆ ಎಷ್ಟು ಕೊಡುತ್ತದೋ ಅಷ್ಟನ್ನು ಮುಚ್ಚಿಯೂ ಇಡುತ್ತದೆ. ಮುಚ್ಚಿಟ್ಟದ್ದು ಹೊರಬರುವುದು ಏಪ್ರಿಲ್-ಮೇನಲ್ಲಿ.

ಲಿಂಗನಮಕ್ಕಿಯ ಹಿನ್ನೀರನ್ನೇ ತಗೊಳ್ಳಿ. ತುಂಬಿದಾಗ 1819 ಅಡಿ ಮಟ್ಟದವರೆಗೆ ನೀರೋ ನೀರು, ದ್ವೀಪಗಳು, ಫೋಟೋಕ್ಕೆ ಬಹಳ ಚೆಂದ. ಬೇಸಿಗೆಯಲ್ಲಿ ಅದು ಹಿಂದೆ ಸರಿಯುತ್ತಾ ಹೋದಂತೆ ಹಳೆಯ ರಸ್ತೆಯ ಗುರುತು, ಗದ್ದೆಬದು, ಬೋಳು ಬೊಡ್ಡೆಗಳು ಒಂದೊಂದಾಗಿ ಮೇಲೆ ಬರುತ್ತವೆ. ನೀರು ತೀರಾ ಇಳಿದ ವರ್ಷ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟೇ ಎದ್ದು ನಿಲ್ಲುತ್ತದೆ. ಲಿಂಗನಮಕ್ಕಿಗೂ ಮುಂಚೆ ಜೋಗದ ವಿದ್ಯುದಾಗಾರಕ್ಕೆ ನೀರು ಕೂಡಿಸಿಕೊಟ್ಟ ಅಣೆಕಟ್ಟು ಅದು, 1940ರ ದಶಕದ್ದು. ಹೊಸದು ಬಂದ ಮೇಲೆ ಹಳೆಯದು ಅದರ ಹೊಟ್ಟೆಯೊಳಗೆ ಹೋಯಿತು. ಅಷ್ಟು ವರ್ಷ ನೀರೊಳಗಿದ್ದೂ ಕಟ್ಟಡ ಗಟ್ಟಿಯಾಗಿದೆ, ಮೇಲೆ ನಡೆದಾಡಬಹುದು. ಒಮ್ಮೆ ನಮ್ಮ ಜೊತೆ ಹಿನ್ನೀರಿನ ಕಡೆ ಬಂದಿದ್ದ ಹಿರಿಯ ನೆಂಟರೊಬ್ಬರು ಫೋಟೋ ಗಲಾಟೆಯಲ್ಲಿ ಸೇರದೆ ಸ್ವಲ್ಪ ದೂರ ಹೋಗಿ ಕೈ ಹಿಂದೆ ಕಟ್ಟಿಕೊಂಡು ನಿಂತರು. ಅವರದು ಮುಳುಗಡೆಯಾದ ಮನೆತನ. 'ಕೊಟ್ಟಿಗೆ ಆ ದಿಕ್ಕಿಗಿತ್ತು' ಎಂದಷ್ಟೇ ಹೇಳಿದರು. ಮಳೆಗಾಲದಲ್ಲಿ ಅವರಿಗೆ ಆ ದಿಕ್ಕು ಸಿಗುತ್ತಿರಲಿಲ್ಲ.

ಭದ್ರಾ ಜಲಾಶಯದ್ದು ಇನ್ನೊಂದು ಕತೆ. ಲಕ್ಕವಳ್ಳಿಯ ಹಿನ್ನೀರು ನಾಲೆಗಳಿಗೆ ಹರಿದು ಇಳಿಯುತ್ತಾ ಬಂದ ಹಾಗೆ ನಡುವೆ ಕಲ್ಲುಮಣ್ಣಿನ ಬೋಳು ದಿಬ್ಬಗಳು ಏಳುತ್ತವೆ. ರಿವರ್ ಟರ್ನ್ ಹಕ್ಕಿಗಳು ಇದಕ್ಕೇ ಕಾದಿದ್ದು ಸಾವಿರಾರು ಸಂಖ್ಯೆಯಲ್ಲಿ ಬಂದು ಸೇರುತ್ತವೆ. ಗೂಡು ಕಟ್ಟುವ ಕಷ್ಟವಿಲ್ಲ, ನೆಲದ ಮೇಲೇ ಮೊಟ್ಟೆ. ಮಳೆ ಬಂದು ದಿಬ್ಬ ಮುಳುಗುವುದರೊಳಗೆ ಮರಿಗಳಿಗೆ ರೆಕ್ಕೆ ಬಲಿಯಬೇಕು. ಹಳದಿ ಕೊಕ್ಕು, ಕರಿಟೋಪಿಯ ಈ ಹಕ್ಕಿಗಳನ್ನು ದೋಣಿಯಲ್ಲಿ ಕೂತು ದೂರದಿಂದ ನೋಡುವಾಗ 'ಆಗಸ್ಟಿನಲ್ಲಿ ಬರಬೇಕಿತ್ತು' ಎಂದು ಯಾರಾದರೂ ಅಂದರೆ ನಗಬೇಕಷ್ಟೇ.

ಪೇಟೆಯೊಳಗೂ ಆಚೀಚೆಯೂ ಹೀಗೆ ಕೆಲವಿವೆ. ತುಂಗೆಯ ದಡದ ಶಿವಪ್ಪನಾಯಕನ ಅರಮನೆಗೆ ನಾನು ಹೋದದ್ದೆಲ್ಲ ನೆಂಟರ ಮಕ್ಕಳ ಜೊತೆಗೇ. ಅಂಗಳದ ವೀರಗಲ್ಲುಗಳಿಗಿಂತ ನನಗೆ ಪ್ರಿಯವಾದದ್ದು ಒಳಗಿನ ದಪ್ಪ ಮರದ ಕಂಬಗಳು. ಮಧ್ಯಾಹ್ನ ಎರಡು ಗಂಟೆಗೆ ಒಂದು ಕಂಬಕ್ಕೆ ಬೆನ್ನು ಕೊಟ್ಟರೆ ಏರ್ ಕಂಡೀಷನರ್ ಕಂಡುಹಿಡಿದವನ ಮೇಲೆ ವಿಶೇಷ ಗೌರವ ಉಳಿಯುವುದಿಲ್ಲ. ಸಂಜೆಗೆ ಕೂಡ್ಲಿ. ತುಂಗೆ ಭದ್ರೆಯರು ಸೇರುವ ಜಾಗದಲ್ಲಿ ಬೇಸಿಗೆಯ ನೀರು ಕಾಲು ಇಳಿಬಿಟ್ಟು ಕೂರುವಷ್ಟು ಸೌಮ್ಯ, ಮಳೆಗಾಲದಲ್ಲಿ ಅದೇ ಕಲ್ಲಿನ ಹತ್ತಿರ ಹೋಗುವ ಧೈರ್ಯ ಯಾರಿಗಿದೆ? ತೀರ್ಥಹಳ್ಳಿ ಕಡೆಯ ಚಿಬ್ಬಲಗುದ್ದೆಯ ಮೀನುಗಳೂ ಅಷ್ಟೆ. ಹೊಳೆ ಇಳಿದು ಗುಂಡಿಯಲ್ಲಿ ಒಟ್ಟಾಗಿರುವಾಗ ಒಂದು ಹಿಡಿ ಮಂಡಕ್ಕಿಗೆ ಎಷ್ಟು ಬಾಯಿ ಬರುತ್ತವೆ ಎಂದು ನೋಡಬೇಕು.

ಶರಾವತಿ ಹಿನ್ನೀರು ದಾಟಿಸುತ್ತಿದ್ದ ಸಿಗಂದೂರಿನ ಲಾಂಚು ಮಾತ್ರ ಇನ್ನು ಹಳೆಯ ಕತೆಯಾಯಿತು. 2025ರ ಜುಲೈನಲ್ಲಿ ಸೇತುವೆ ಬಂತು, ಎರಡು ಕಿಲೋಮೀಟರಿಗೂ ಉದ್ದ. ಲಾಂಚಿನ ಮೇಲೆ ಕಾರು ಹತ್ತಿಸುವ ಖುಷಿ ಹೋಯಿತು ಎಂದು ಪ್ರವಾಸಿಗರು ಕೊರಗುತ್ತಾರೆ. ರಾತ್ರಿ ಹೆರಿಗೆ ನೋವು ಬಂದವರನ್ನು ದಡದಲ್ಲಿ ಕೂರಿಸಿಕೊಂಡು ಬೆಳಗಾಗುವುದನ್ನು ಕಾಯಬೇಕಿದ್ದ ತುಮರಿ ಕಡೆಯವರ ಎದುರು ಆ ಕೊರಗು ತೋಡಿಕೊಳ್ಳದಿರುವುದು ಒಳ್ಳೆಯದು.

ಇಷ್ಟೆಲ್ಲ ಇರುವಾಗ ನಾವೇ ಯಾಕೆ ತಿರುಗುವುದಿಲ್ಲ ಅಂದರೆ, ಮೇ ತಿಂಗಳು ಮಲೆನಾಡಿನವರಿಗೆ ರಜೆಯಲ್ಲ. ಊರ ಮನೆಯಲ್ಲಿ ಮಿಡಿ ಉಪ್ಪಿಗೆ ಹಾಕಬೇಕು, ಹಲಸಿನ ಹಪ್ಪಳ ಒಣಗಬೇಕು, ಸೌದೆ ಒಳಗಾಗಬೇಕು, ಹೆಂಚು ಕೈಯಾಡಿಸಬೇಕು, ಮಣ್ಣಿನ ಗೋಡೆಗೆ ಸೋಗೆಯ ತಟ್ಟಿ ಕಟ್ಟಬೇಕು. ನಡುವೆ ಉಪನಯನ, ಗೃಹಪ್ರವೇಶ, ಮದುವೆ. ಆದರೂ ಒಂದು ವರ್ಷ ಮಗಳು ಹಟ ಹಿಡಿದಳು: ಎಲ್ಲರೂ ನಮ್ಮೂರಿಗೆ ಬರ್ತಾರೆ, ನಾವೆಲ್ಲಿಗೂ ಹೋಗಲ್ಲ. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಬೇರೆ ಆಗಿದೆಯಲ್ಲ ಎಂದು ಹೆಂಡತಿಯೂ ಸೇರಿಕೊಂಡಳು. ಅಂಡಮಾನ್ ಎಂದು ತೀರ್ಮಾನವಾಯಿತು. ಮೇ ತಿಂಗಳ ಮೂರನೇ ವಾರ, ಪ್ಯಾಕೇಜು ಅಗ್ಗ.

ಯಾಕೆ ಅಗ್ಗ ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ನೈರುತ್ಯ ಮುಂಗಾರು ಕೇರಳಕ್ಕೆ ಬರುವುದು ಜೂನ್ ಒಂದರ ಸುಮಾರಿಗೆ, ನಮ್ಮ ಕರಾವಳಿಗೆ ಜೂನ್ ಮೊದಲ ವಾರ. ಅದಕ್ಕೂ ಹತ್ತು ಹದಿನೈದು ದಿನ ಮುಂಚೆ ಅದು ಹೊಸ್ತಿಲು ತುಳಿಯುವ ಮೊದಲ ಮನೆ ಅಂಡಮಾನ್. ನಮ್ಮೂರಿಗೆ ಬರಬೇಕಾದ ಮಳೆಯನ್ನು ನಾವು ದಾರಿಯಲ್ಲೇ ಹೋಗಿ ಎದುರುಗೊಂಡಿದ್ದೆವು. ಕಡಲು ಎದ್ದಿದೆ ಎಂದು ಹಡಗು ರದ್ದಾಯಿತು. ಹ್ಯಾವ್‌ಲಾಕ್ ಎಂದು ಎಲ್ಲರೂ ಇನ್ನೂ ಕರೆಯುವ ಸ್ವರಾಜ್ ದ್ವೀಪಕ್ಕೆ ಒಂದು ದಿನ ತಡವಾಗಿ ಮುಟ್ಟಿ, ರಾಧಾನಗರದ ಬಿಳಿ ಮರಳಿನ ಮೇಲೆ ಕೊಡೆ ಹಿಡಿದು ಸೂರ್ಯಾಸ್ತಕ್ಕೆ ನಿಂತೆವು. ಮೋಡ ಬಿಟ್ಟರೆ ಬೇರೇನಿಲ್ಲ. ಅದೂ ಸಂಜೆ ಐದೂವರೆಗೇ ಮುಗಿದುಹೋಯಿತು. ಗಡಿಯಾರ ಶಿವಮೊಗ್ಗದ್ದೇ, ಸೂರ್ಯ ಮಾತ್ರ ಒಂದು ಗಂಟೆಗೂ ಹೆಚ್ಚು ಮುಂದೆ. ಕಾರಿನ ಹುಡುಗ ಕನಿಕರದಿಂದ ಹಿಂದಿಯಲ್ಲಿ ಹೇಳಿದ: ಫೆಬ್ರವರಿಯಲ್ಲಿ ಬರಬೇಕಿತ್ತು ಸಾರ್. ನನಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು.

ರಿಸಾರ್ಟಿನ ಬಾಗಿಲಲ್ಲಿ ಎರಡೂ ಕಡೆ ಕುಂಡಗಳಲ್ಲಿ 'ಅರೆಕಾ ಪಾಮ್'. ಮಡಗಾಸ್ಕರ್ ಮೂಲದ ಅಲಂಕಾರದ ಗಿಡ, ಅಡಿಕೆಗೂ ಅದಕ್ಕೂ ಹೆಸರಿನ ನಂಟು ಮಾತ್ರ. ನನ್ನ ಅಮ್ಮ ಬಗ್ಗಿ ಬುಡ ನೋಡಿ, 'ಇದು ಫಸಲು ಬಿಡೋ ಜಾತಿಯಲ್ಲ' ಎಂದು ತೀರ್ಪು ಕೊಟ್ಟು ಒಳಗೆ ಹೋದರು. ತೆಂಗು, ಬಾಳೆ, ಹಲಸು, ಬಿಡದೆ ಹೊಯ್ಯುವ ಮಳೆ. ಗಾಜಿನ ಲೋಟದಲ್ಲಿ ಎಳನೀರು, ಅದರ ಮೇಲೊಂದು ಕಾಗದದ ಕೊಡೆ. ಉಷ್ಣವಲಯದ ಸೊಬಗು ಎಂದು ಪ್ಯಾಕೇಜಿನ ಕಾಗದದಲ್ಲಿ ಬರೆದಿದ್ದದ್ದು ಇಷ್ಟಕ್ಕೇ. ನಾವೂ ಉಷ್ಣವಲಯದವರೇ, ಅಕ್ಷಾಂಶದಲ್ಲಿ ಅಂಡಮಾನಿಗೂ ನಮಗೂ ಎರಡು ಡಿಗ್ರಿಯಷ್ಟೇ ಅಂತರ ಎಂದು ಹೆಂಡತಿಗೆ ವಿವರಿಸಲು ಹೋದೆ. ಅವಳು ಕಾಗದದ ಕೊಡೆಯನ್ನು ಜೋಪಾನವಾಗಿ ಪರ್ಸಿಗೆ ಹಾಕಿಕೊಳ್ಳುತ್ತಿದ್ದಳು.

ಮರುದಿನ ದ್ವೀಪದ ಇನ್ನೊಂದು ಮಗ್ಗುಲಿಗೆ ಹೋಗುವಾಗ ರಸ್ತೆ ಪಕ್ಕ ಅಡಿಕೆ ತೋಟ ಕಂಡಿತು. ನಿಜವಾದ ಅಡಿಕೆ. ಅಂಡಮಾನಿನಲ್ಲಿ ಅಡಿಕೆ ದೊಡ್ಡ ಬೆಳೆ ಎಂದು ಎಲ್ಲೋ ಓದಿದ್ದು ನೆನಪಾಗಿ ಕಾರು ನಿಲ್ಲಿಸಿಸಿದೆ. ಮಾಲೀಕ ಬಂಗಾಳಿ ಹಿರಿಯರು. ನನ್ನ ಹಿಂದಿ, ಅವರ ಹಿಂದಿ ಎರಡೂ ಒಂದೇ ಮಟ್ಟದವು, ಆದ್ದರಿಂದ ಚೆನ್ನಾಗಿ ಅರ್ಥವಾಯಿತು. ಬೇಯಿಸಿ ಒಣಗಿಸ್ತೀರಾ, ಹಾಗೇ ಒಣಗಿಸ್ತೀರಾ, ಮಳೆಗೆ ಕೊಳೆ ಬರಲ್ವಾ, ಈಗ ಕ್ವಿಂಟಾಲಿಗೆ ಎಷ್ಟು ನಡೀತಿದೆ? ನಮ್ಮ ಕಡೆಯ ರಾಶಿ ಇಡಿ, ಬೆಟ್ಟೆ, ಗೊರಬಲು, ಸರಕು ಎಂಬ ತರಗತಿಗಳನ್ನು ಅವರು ಬಹಳ ಆಸಕ್ತಿಯಿಂದ ಕೇಳಿದರು. ಕೊನೆ ಕೊಯ್ಯುವವರು ಸಿಗುವುದಿಲ್ಲ ಎಂಬಲ್ಲಿ ಇಬ್ಬರಿಗೂ ಒಮ್ಮತವಾಯಿತು. ಕಾರಿನಿಂದ ಹೆಂಡತಿ ಕೂಗಿದಳು, 'ಇಷ್ಟು ದುಡ್ಡು ಹಾಕಿ ಸಮುದ್ರ ದಾಟಿ ಬಂದು ಎಂತ ಮಾರಾಯ್ರೆ, ಅಡಿಕೆ ರೇಟಾ?' ನನ್ನ ಮೊಬೈಲಿನಲ್ಲಿ ಆ ಪ್ರವಾಸದ ಫೋಟೋಗಳನ್ನು ನೋಡಿದವರು ಯಾರೂ ನಾನು ಸಮುದ್ರಕ್ಕೆ ಹೋಗಿದ್ದೆ ಎಂದು ನಂಬುವುದಿಲ್ಲ.

ಬರುವ ಬೇಸಿಗೆಗೆ ಮಗಳು ಬಾಲಿ ಅನ್ನುತ್ತಿದ್ದಾಳೆ. ಅಮ್ಮ, ಅಲ್ಲಿ ಅಡಿಕೆ ಬೆಳೆಯುತ್ತಾರಾ ನೋಡು ಅಂದರು. ನೋಡಿದೆ. ಬೆಳೆಯುತ್ತಾರೆ.