ಹೆಚ್ಚು ಬಾಳುವುದು ಬರಹವೇ, ಬಾಯಿಪಾಠವೇ?

ಪರ

ಬನವಾಸಿಯ ಮಧುಕೇಶ್ವರ ದೇವಸ್ಥಾನದಲ್ಲಿ ಐದು ಹೆಡೆಯ ನಾಗರಕಲ್ಲೊಂದಿದೆ. ಸುಮಾರು 2ನೇ ಶತಮಾನದ್ದು; ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಚುಟು ವಂಶದ ದೊರೆಯ ಮಗಳು ನಾಗಶ್ರೀ ಆ ನಾಗನನ್ನೂ ಒಂದು ಕೆರೆಯನ್ನೂ ಭಿಕ್ಷುಗಳು ತಂಗುವ ವಿಹಾರವನ್ನೂ ಮಾಡಿಸಿಕೊಟ್ಟಳೆಂದು ಅದರಲ್ಲಿ ಬರೆದಿದೆ. ಕೆತ್ತಿದ ಶಿಲ್ಪಿ ನಟಕನ ಹೆಸರೂ ಇದೆ. ಎಷ್ಟೋ ಶತಮಾನ ಆ ಅಕ್ಷರ ಓದಬಲ್ಲವರೇ ಇರಲಿಲ್ಲ. 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗುಟ್ಟು ಬಿಡಿಸಿದ್ದರಿಂದಲೇ ನಟಕ ನಮಗೆ ಸಿಕ್ಕಿದ್ದು. ಒಂದು ತಲೆಮಾರು ಕಲಿಯದೆ ಬಿಟ್ಟ ಹಾಡಿಗೆ ಈ ಭಾಗ್ಯವಿಲ್ಲ.

ಕಲ್ಬರಹಕ್ಕೂ ಆರೈಕೆ ಬೇಕು, ನಿಜ. ಎಣ್ಣೆ, ಸುಣ್ಣ ಗೆರೆಗಳಲ್ಲಿ ಕೂತರೆ ಅಕ್ಷರ ಮುಚ್ಚಿಹೋಗುತ್ತದೆ. ಕಲ್ಬರಹವನ್ನು ಕಾಗದಕ್ಕಿಳಿಸಿ ಪಡಿಯಚ್ಚು ತೆಗೆಯುವವರು ಮೊದಲು ಕಲ್ಲನ್ನು ಬ್ರಶ್ಶಿನಿಂದ ತಿಕ್ಕಿ ತೊಳೆಯುತ್ತಾರೆ. ಒದ್ದೆ ಕಾಗದ ಹೊದಿಸಿ, ಅದು ಗೆರೆಯೊಳಗೆ ಇಳಿಯುವವರೆಗೆ ಬಡಿಯುತ್ತಾರೆ. ಅರೆಬರೆ ಆರಿದ ಮೇಲೆ ಬಟ್ಟೆಯುಂಡೆಯಿಂದ ಮಸಿ ಒತ್ತಿದರೆ ಸುತ್ತೆಲ್ಲ ಕಪ್ಪು, ಅಕ್ಷರ ಮಾತ್ರ ಬಿಳಿ. ಕಾಗದ ಹಸಿಯಿದ್ದರೆ ಮಸಿ ಹರಡಿ ಅಕ್ಷರವೂ ಕಪ್ಪಾಗುತ್ತದೆ. ಶಿರಸಿ ಕಡೆಯ ಆಷಾಢದಲ್ಲಿ ಈ ಕೆಲಸಕ್ಕೆ ಕೈಹಾಕಲೇಬಾರದು.

ವಿರೋಧ

ನಾಗಶ್ರೀಯ ಕಲ್ಲಿನಲ್ಲಿ ಅಕ್ಷರ ಉಳಿಯಿತು, ದನಿಯ ಏರಿಳಿತ ಉಳಿಯಲಿಲ್ಲ. ಗೋಕರ್ಣದ ವೇದಪಾಠ ಆ ಏರಿಳಿತದಿಂದಲೇ ಶುರು. ಗುರು ಒಮ್ಮೆ ಹೇಳಿದ್ದನ್ನು ಶಿಷ್ಯ ಎರಡು ಸಲ ಹೇಳುತ್ತಾನೆ. ಪುಸ್ತಕದಲ್ಲಿ ತಗ್ಗುದನಿಯ ಅನುದಾತ್ತಕ್ಕೆ ಅಕ್ಷರದ ಕೆಳಗೆ ಅಡ್ಡಗೆರೆ, ಏರುದನಿಯ ಸ್ವರಿತಕ್ಕೆ ಮೇಲೊಂದು ನೆಟ್ಟಗೆರೆ ಇರುತ್ತದೆ. ಎಷ್ಟು ಇಳಿಸಬೇಕು, ಎಷ್ಟು ಏರಿಸಬೇಕು ಎಂಬುದನ್ನು ಕಿವಿಯೇ ಹಿಡಿಯಬೇಕು.

ಬಾಯಿಪಾಠ ಜಾರಿಹೋಗುತ್ತದೆ ಎನ್ನುವವರು, ವೇದದ ಪದಗಳನ್ನು ಹಿಂದುಮುಂದಾಗಿಸಿ ಹೇಳುವ ಘನಪಾಠವನ್ನು ಲೆಕ್ಕ ಹಾಕಿ ನೋಡಲಿ. ಪದಗಳನ್ನು 1-2, 2-1, 1-2-3, 3-2-1, 1-2-3 ಎಂದು ಹೇಳಿ, ಆಮೇಲೆ ಎರಡನೆಯ ಪದದಿಂದ ಮತ್ತೆ ಇದೇ ಕ್ರಮ. ಸಾಲಿನ ನಡುವಿನ ಪ್ರತಿ ಪದವೂ ಹೀಗೆ 13 ಸಲ ಬಾಯಿಗೆ ಬರುತ್ತದೆ. ಪದ ತಿರುಗಿದಂತೆ ಸಂಧಿಯೂ ಬದಲಾಗುವುದರಿಂದ ವಿಸರ್ಗ ನುಂಗಿದರೆ, ದೀರ್ಘ ಮೊಟಕಾದರೆ ಅಲ್ಲೇ ಸಿಕ್ಕಿಬೀಳುತ್ತದೆ. ಓಲೆಗರಿಯಲ್ಲಿ ಈ ಕಾವಲಿಲ್ಲ. ಒಂದೇ ಪದ ಎರಡು ಸಾಲಿನಲ್ಲಿದ್ದರೆ ನಕಲು ಮಾಡುವವನ ಕಣ್ಣು ಮೇಲಿನದರಿಂದ ಕೆಳಗಿನದಕ್ಕೆ ಹಾರುತ್ತದೆ. ನಡುವೆ ಬಿಟ್ಟುಹೋದದ್ದು ಆ ಪ್ರತಿ ನೋಡಿ ಬರೆದವರಿಗೂ ಸಿಗುವುದಿಲ್ಲ. ಋಗ್ವೇದದ 1028 ಸೂಕ್ತಗಳು ಬರಹಕ್ಕಿಳಿಯುವ ಮೊದಲು ಶತಮಾನಗಳನ್ನು ದಾಟಿದ್ದು ಬಾಯಿಂದ ಬಾಯಿಗೇ.

ಕಲಿಯುವವರಿಲ್ಲದಿದ್ದರೆ ಈ ಸರಪಳಿ ತುಂಡಾಗುತ್ತದೆ, ಒಪ್ಪಬೇಕಾದ ಮಾತು. ಹಾಗೆಂದು ಬರಹವೊಂದೇ ಸಾಲದು. 2025ರಲ್ಲಿ ತೀರಿಕೊಂಡ ಅಂಕೋಲೆಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಹಾಲಕ್ಕಿ ಸಮುದಾಯದ ಹಾಡುಗಳನ್ನು ಕಾಗದದಲ್ಲಿ ಓದಿದರೆ ಪದ ಸಿಗುತ್ತದೆ. ಧಾಟಿ ಬೇಕೆಂದರೆ ಹಾಡಬಲ್ಲ ಹಾಲಕ್ಕಿ ಹೆಂಗಸರ ಪಕ್ಕ ಕೂತು ದನಿಗೂಡಿಸಿಯೇ ಕಲಿಯಬೇಕು.