ಇದು ಔಸ್ದಿ ಹೊಡ್ಯಾದಾ ಸ್ವಾಮಿ?

ವಿಮಾನ ಹಾರಿಸ್ತೀನಿ ಅಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹಳೇ ಸ್ಕೂಟರ್ ನೋಡುತ್ತಾರೆ. ನನ್ನದು ರಿಮೋಟಿನಲ್ಲಿ ಹಾರಿಸುವ ಥರ್ಮಾಕೋಲ್ ವಿಮಾನ. ಒಂದು ಮೀಟರ್ ಅಗಲದ ರೆಕ್ಕೆ, ಮೂತಿಗೊಂದು ಮೋಟಾರು, ಹೊಟ್ಟೆಯೊಳಗೆ ಲಿಥಿಯಂ ಪಾಲಿಮರ್ ಬ್ಯಾಟರಿ. ಪಕ್ಕದ ಮನೆಗೆ ಹೊಸ ಫ್ರಿಜ್ ಬಂದರೆ ಬೀದಿಯವರೆಲ್ಲ ಫ್ರಿಜ್ ನೋಡೋಕೆ ಹೋಗುತ್ತಾರೆ. ನಾನು ಪ್ಯಾಕಿಂಗ್ ಕೇಳೋಕೆ ಹೋಗುತ್ತೇನೆ.

ಮನೆಯಲ್ಲಿ ತಕರಾರು ಬ್ಯಾಟರಿಯದು. ಒಂದೊಂದು ಸೆಲ್ಲಿಗೆ 4.2 ವೋಲ್ಟ್ ಮೀರಿ ತುಂಬಿಸಿದರೆ ಕೆಡುತ್ತದೆ, ಗ್ರಹಚಾರ ಕೆಟ್ಟಿದ್ದರೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಬಾಲ್ಕನಿಯಲ್ಲಿ, ಮಣ್ಣಿನ ಕುಂಡದೊಳಗಿಟ್ಟು ಚಾರ್ಜ್ ಮಾಡುತ್ತೇನೆ. ಆ ಕುಂಡದಲ್ಲಿದ್ದ ದೊಡ್ಡಪತ್ರೆ ಗಿಡ ಎಲ್ಲಿಗೆ ಹೋಯಿತು ಅನ್ನುವುದು ಇನ್ನೂ ವಿಚಾರಣೆಯಲ್ಲಿದೆ. ಹಳೇದೊಂದು ಬ್ಯಾಟರಿ ಊದಿಕೊಂಡಾಗ ಅಮ್ಮ ಬಗ್ಗಿ ನೋಡಿ, "ಒಳ್ಳೆ ಪೂರಿ ಥರ ಉಬ್ಬಿದೆಯಲ್ಲೋ, ಯಾವ ಎಣ್ಣೇಲಿ ಕರಿದೆ?" ಅಂದರು.

ಹಾರಿಸೋಕೆ ಮೈಸೂರಲ್ಲಿ ಜಾಗವಿಲ್ಲ. 2021ರ ಡ್ರೋನ್ ನಿಯಮದ ಪ್ರಕಾರ ವಿಮಾನ ನಿಲ್ದಾಣದ ಗಡಿಯಿಂದ 12 ಕಿಲೋಮೀಟರ್‌ವರೆಗೂ ಹಳದಿ ವಲಯ, ಅಂದರೆ ಅಪ್ಪಣೆ ಪಡೆದೇ ಹಾರಿಸಬೇಕಾದ ಆಕಾಶ, ಇರುತ್ತದೆ; ಎಂಟು ಕಿಲೋಮೀಟರ್ ದಾಟಿದ ಮೇಲೆ 200 ಅಡಿ ಎತ್ತರದವರೆಗೆ ಮಾತ್ರ ವಿನಾಯಿತಿ. ಮಂಡಕಳ್ಳಿ ನಿಲ್ದಾಣದಿಂದ ಅಳೆದರೆ ಊರಿನ ಬಹುಪಾಲು ಅದರೊಳಗೇ ಬರುತ್ತದೆ. ಸುಮ್ನೆ ಯಾಕೆ ತಲೆನೋವು ಅಂತ ಭಾನುವಾರ ಬೆಳಗ್ಗೆ ಮಂಡ್ಯ ಕಡೆ ಹೊರಡುತ್ತೇನೆ. ಅಲ್ಲಿ ಆಕಾಶಕ್ಕೆ ಬರವಿಲ್ಲ. ಬರ ಇರುವುದು ಇಳಿಯುವ ಜಾಗಕ್ಕೆ. ಎತ್ತ ನೋಡಿದರೂ ಕಬ್ಬು.

ವಿಮಾನ ನಮ್ಮಿಂದ ದೂರ ಹೋಗುವಾಗ ಎಲ್ಲ ಸಲೀಸು. ತಿರುಗಿ ನಮ್ಮ ಕಡೆ ಬರುವಾಗ ಎಡ ಬಲ ಅದಲು ಬದಲು. ಬಗ್ಗಿದ ರೆಕ್ಕೆಯ ಕಡೆಗೇ ರಿಮೋಟಿನ ಕಡ್ಡಿ ತಳ್ಳು, ನೆಟ್ಟಗಾಗುತ್ತದೆ ಅನ್ನುವುದು ಸೂತ್ರ. ಮನೆಯ ಸೋಫಾ ಮೇಲೆ ಕೂತಾಗ ಇದು ಚೆನ್ನಾಗಿ ನೆನಪಿರುತ್ತದೆ.

ಕಬ್ಬಿನೊಳಗೆ ಬಿದ್ದರೆ ಹುಡುಕೋಕೆ ಅಂತ ಜಿಪಿಎಸ್ ಕೂರಿಸಿದೆ. ಅದು ಎರಡು ಮೂರು ಮೀಟರ್ ಹೆಚ್ಚುಕಡಿಮೆ ಮಾಡಿ ಜಾಗ ತೋರಿಸುತ್ತದೆ. ಆಳೆತ್ತರ ಮೀರಿದ ಕಬ್ಬಿನಲ್ಲಿ ಎರಡು ಮೀಟರ್ ಆಚೆ ಆನೆ ನಿಂತಿದ್ದರೂ ಕಾಣುವುದಿಲ್ಲ. ಸರಿ, ಒಂದು ಬಜರ್ ಬೆಸುಗೆ ಹಾಕಿದೆ. ಬಿದ್ದ ಕೂಡಲೇ 'ಕೀ ಕೀ' ಅನ್ನಬೇಕು. ಅಂದಿತು ಕೂಡ. ಆದರೆ ಗದ್ದೆಯಲ್ಲಿದ್ದ ಜೀರುಂಡೆಗಳೆಲ್ಲ ಅದೇ ರಾಗ ಹಿಡಿದಿದ್ದವು. ಗರಿಯ ಅಂಚಿಗೆ ಕೈ ಕೊಯ್ಯಿಸಿಕೊಂಡು, ಮೈಯೆಲ್ಲ ನವೆ ಹತ್ತಿಸಿಕೊಂಡು, ಬಹಳ ಹೊತ್ತು ಒಂದು ಜೀರುಂಡೆಯ ಹಿಂದೆ ಹೋದೆ.

ಬದುವಿನ ಮೇಲೆ ಯಜಮಾನರೊಬ್ಬರು ಬೀಡಿ ಸೇದುತ್ತಾ ಎಲ್ಲ ನೋಡುತ್ತಿದ್ದರು.

"ಏನ್ ಸ್ವಾಮಿ ಅದು, ಔಸ್ದಿ ಹೊಡ್ಯಾದಾ? ಎಕರೆಗೆ ಎಷ್ಟ್ ತಗತೀರಿ?"

ಔಷಧಿ ಹೊಡೆಯೋದಲ್ಲ ಅಂದೆ.

"ಹಂಗಾರೆ ಮದ್ವೆ ಸೂಟಿಂಗಾ?"

ಅದೂ ಅಲ್ಲ, ಕ್ಯಾಮೆರಾ ಇಲ್ಲ ಅಂದೆ.

"ಮತ್ತೇನ್ ಮಾಡ್ತದೆ?"

ಹಾರುತ್ತದೆ ಅಂದೆ. ಅವರು ಕಬ್ಬಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಬೇರೆ ಮಾತೇ ಆಡಲಿಲ್ಲ.

ಕೊನೆಗೆ ವಿಮಾನ ಹುಡುಕಿ ತಂದವರು ಅವರೇ. ಜಿಪಿಎಸ್ ಇಲ್ಲ, ಬಜರ್ ಇಲ್ಲ. ಬೀಳುವಾಗ ಯಾವ ಸಾಲಿನ ತುದಿ ಅಲ್ಲಾಡಿತು ಅಂತ ನೋಡಿಟ್ಟುಕೊಂಡಿದ್ದರಂತೆ. ಇಷ್ಟು ಸರಳವಾದದ್ದಕ್ಕೆ ಸಾಫ್ಟ್‌ವೇರ್ ಬರೆಯೋಕೆ ಆಗಲ್ಲ, ಅದೇ ಬೇಜಾರು. ರೆಕ್ಕೆಯನ್ನು ಎರಡು ಬೆರಳಲ್ಲಿ ಹಿಡಿದು ತೂಗಿ ನೋಡಿ, "ಮುಂದಿನ ಸಲ ಭತ್ತದ ಗದ್ದೆಗೆ ಬೀಳ್ಸಿ, ಉಡ್ಕಕ್ಕೆ ಸಲೀಸು" ಅಂದರು.

"ಗದ್ದೇಲಿ ನೀರು ನಿಂತಿರುತ್ತಲ್ಲ ಯಜಮಾನ್ರೇ. ಒಳಗೆಲ್ಲ ಎಲೆಕ್ಟ್ರಾನಿಕ್ಸು, ಹಾಳಾಗುತ್ತೆ."

"ಹಂಗಾರೆ ದೋಣಿ ಮಾಡಿ ಅತ್ಲಾಗೆ. ವಿ.ಸಿ. ನಾಲೆ ಅದಲ್ಲ, ಅದ್ರಲ್ ಬುಟ್ಕಳಿ."