ಟೆಲಿಸ್ಕೋಪ್ ಕಟ್ಟೋರು ಯಾರು ಅಂದ್ಕೊಂಡಿದೀರಿ?

ನಿನ್ನೆ ಶಿರಸಿ ಹತ್ರ ನೆಂಟರ ಮನೇಲಿ ಕೇಳಿದ ಮಾತು ಇನ್ನೂ ತಲೆಯಿಂದ ಹೋಗ್ತಾ ಇಲ್ಲ. ಆ ಮನೆ ಹುಡುಗಿ ಪಿಯುಸಿ ಮುಗಿಸಿದಾಳೆ, ಸಿಇಟಿ ರ‍್ಯಾಂಕೂ ಚೆನ್ನಾಗೇ ಬಂದಿದೆ. ಮೂಲೇಲಿ ಬಿದ್ದಿದ್ದ ಹಳೇ ಡಿಟಿಎಚ್ ಡಿಶ್ ತಗೊಂಡು, ಡಿಶ್ ಕೂರಿಸೋ ಹುಡುಗ್ರ ಹತ್ರ ಇರ್ತದಲ್ಲ, ಸಿಗ್ನಲ್ ಎಷ್ಟಿದೆ ಅಂತ ತೋರಿಸೋ ಮೀಟರು, ಆ ಸ್ಯಾಟಲೈಟ್ ಫೈಂಡರ್ ಸಿಕ್ಕಿಸಿ, ಅಂಗಳದಲ್ಲಿ ನಿಂತು ನಂಗೆ ತೋರಿಸಿದ್ಲು. ಡಿಶ್ ಸೂರ್ಯನ ನೇರಕ್ಕೆ ಬಂತೋ ಮೀಟರಿನ ಮುಳ್ಳು ಏರ್ತದೆ, ಬೀಪ್ ಜೋರಾಗ್ತದೆ, ಚೂರು ಆಚೆ ಸರಿಸಿದ್ರೆ ಇಳೀತದೆ. ತೆಳು ಮೋಡ ಅಡ್ಡ ಬಂದಾಗ್ಲೂ ಮುಳ್ಳು ಅಲ್ಲೇ ನಿಂತಿತ್ತು. ಸೂರ್ಯನಿಂದ ಬರೋ ರೇಡಿಯೋ ಅಲೆ ಅದು, ಅವಳೇ ಹಿಡಿದಿದ್ದು, ನಂಗೆ ರೋಮಾಂಚನ ಆಯ್ತು.

ಅಷ್ಟರಲ್ಲಿ ಜಗಲಿ ಮೇಲೆ ಕವಳ ಹಾಕ್ತಾ ಕೂತ ಹಿರಿಯರೊಬ್ರು, "ಆಕಾಶ ನೋಡದೆಲ್ಲ ಹವ್ಯಾಸಕ್ಕೆ ಸಾಕು ತಂಗಿ, ಸುಮ್ನೆ ಕಂಪ್ಯೂಟರ್ ಸೈನ್ಸ್ ತಗ, ಎರಡು ದೋಣಿಲಿ ಕಾಲಿಡಡ" ಅಂದ್ರು. ಹುಡುಗಿ ಏನೂ ಹೇಳ್ದೆ ಕೇಬಲ್ ಸುತ್ತೋಕೆ ಶುರು ಮಾಡಿದ್ಲು. ನಂಗೆ ಸಿಟ್ಟು ಬಂದಿದ್ದೇ ಅಲ್ಲಿ. ಎರಡು ದೋಣಿ ಎಲ್ಲಿದೆ ಮಾರಾಯ್ರೆ? ಆಕಾಶ ನೋಡೋದೂ ಇಂಜಿನಿಯರಿಂಗೂ ಸೇರಿ ಇರೋದು ಒಂದೇ!

ನಾನು ಪಾಠ ಮಾಡೋದೂ ಇಂಥದ್ದೇ ವಿಷಯ, ಹಾಗಾಗಿ ಪಕ್ಷಪಾತ ಅನ್ನಿಸಿದ್ರೆ ಅನ್ನಿಸ್ಲಿ. ಆದ್ರೆ ನಮ್ಮ ಶರಾವತಿ ಹಿನ್ನೀರಲ್ಲೇ ನಡೆದ ಕಥೆ ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತು? 2018ರಲ್ಲಿ ಎಡ್ಜಸ್ ಅನ್ನೋ ತಂಡ ಆಸ್ಟ್ರೇಲಿಯಾದಲ್ಲಿಟ್ಟ ಆಂಟೆನಾದಿಂದ, ವಿಶ್ವದ ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಹೈಡ್ರೋಜನ್ ಸಿಗ್ನಲ್ ಸಿಕ್ಕಿದೆ ಅಂತ ಹೇಳಿತ್ತು, ಆಕಾಶದಿಂದ ಬರೋ ರೇಡಿಯೋ ಅಲೆಯ ಬಲದಲ್ಲಿ 78 ಮೆಗಾಹರ್ಟ್ಸ್ ಹತ್ರ ಒಂದು ಸಣ್ಣ ತಗ್ಗು, ಉಷ್ಣತೆಯ ಲೆಕ್ಕದಲ್ಲಿ ಅರ್ಧ ಕೆಲ್ವಿನ್ (ಅರ್ಧ ಡಿಗ್ರಿ) ಅಷ್ಟೇ. ಅದನ್ನ ಪರೀಕ್ಷೆ ಮಾಡಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಸರಸ್ 3 ಅನ್ನೋ ರೇಡಿಯೋ ಟೆಲಿಸ್ಕೋಪ್. ನೆಲದ ಮೇಲೆ ಆಂಟೆನಾ ಇಟ್ರೆ ಕೆಳಗಿನ ಮಣ್ಣು, ಕಲ್ಲು, ತೇವ ಒಂದೊಂದು ಪದರ ಒಂದೊಂದು ಥರ, ಅದೇ ಅಳತೇನ ಕೆಡಿಸ್ತದೆ. ನೀರಾದ್ರೆ ಆಳದವರೆಗೂ ಒಂದೇ ಸಮ. ಅದಕ್ಕೇ ಅವರು ಆಂಟೆನಾನ ನೀರಿನ ಮೇಲೆ ತೇಲಿಬಿಟ್ರು, 2020ರ ಶುರುವಲ್ಲಿ, ದಂಡಿಗಾನಹಳ್ಳಿ ಕೆರೇಲಿ ಮತ್ತೆ ಶರಾವತಿ ಹಿನ್ನೀರಲ್ಲಿ. 2022ರಲ್ಲಿ ಫಲಿತಾಂಶ ಬಂತು: ಎಡ್ಜಸ್ ಹೇಳಿದ ಆಕಾರದ ಸಿಗ್ನಲ್ ಇವರ ಡೇಟಾದಲ್ಲಿ ಇಲ್ಲ. ಜಗತ್ತಿನ ಖಗೋಳ ವಿಜ್ಞಾನಿಗಳೆಲ್ಲ ತಿರುಗಿ ನೋಡಿದ ಕೆಲಸ ಅದು. ಈಗ ಹೇಳಿ, ಅದು ಖಗೋಳವೋ ಇಂಜಿನಿಯರಿಂಗೋ? ಆಂಟೆನಾ ಡಿಸೈನ್, ರಿಸೀವರ್, ಕ್ಯಾಲಿಬ್ರೇಷನ್ ಇದನ್ನೆಲ್ಲ ತೆಗೆದುಬಿಟ್ರೆ ಅದರಲ್ಲಿ ಉಳಿಯೋದೇನು? ಹೊನ್ನಾವರದಲ್ಲಿ ಸಮುದ್ರ ಸೇರೋ ಹೊಳೆ ಅದು, ನಮ್ಮ ಮಕ್ಕಳಿಗೆ ಇದನ್ನ ಯಾರೂ ಹೇಳಿಲ್ಲ ಅನ್ನೋದು ನಂಗೆ ಹೊಟ್ಟೆ ಉರಿಸ್ತದೆ.

ಮೆಕ್ಯಾನಿಕಲ್ ಹುಡುಗ್ರು ಪುಣೆ ಆಚೆ ನಾರಾಯಣಗಾಂವ್ ಹತ್ರ ಹೋಗಿ ಜಿಎಂಆರ್‌ಟಿ ಅನ್ನೋ ದೊಡ್ಡ ರೇಡಿಯೋ ಟೆಲಿಸ್ಕೋಪ್ ನೋಡಬೇಕು. ಒಂದೊಂದೂ 45 ಮೀಟರ್ ಅಗಲದ 30 ಡಿಶ್. ಗಟ್ಟಿ ತಗಡು ಹಾಕಿದ್ರೆ ಗಾಳಿ ಒತ್ತಡಕ್ಕೆ ಎಷ್ಟು ಕಬ್ಬಿಣ ಬೇಕಾಗ್ತಿತ್ತೋ! ಅದನ್ನ ಕಟ್ಟಿಸಿದ ಖಗೋಳ ವಿಜ್ಞಾನಿ ಗೋವಿಂದ್ ಸ್ವರೂಪ್ ಮತ್ತವರ ತಂಡ ಸ್ಟೀಲ್ ತಂತಿಯ ಜಾಲರಿ ಎಳೆದು ಕಟ್ಟಿದ್ರು. ಕಾರವಾರದ ಬೈತಖೋಲ ಬಂದರಲ್ಲಿ ಒಣಗೋಕೆ ಹಾಕಿದ ಬಲೆ ಥರ, ಗಾಳಿ ಅದರ ಪಾಡಿಗೆ ದಾಟಿ ಹೋಗ್ತದೆ, ಉದ್ದನೆ ರೇಡಿಯೋ ಅಲೆ ಮಾತ್ರ ತಿರುಗಿ ಬರ್ತದೆ. ಸೂರ್ಯನ್ನ ನೋಡೋಕೆ ಇಸ್ರೋ ಕಳಿಸಿದ ಆದಿತ್ಯ ಎಲ್1ರಲ್ಲಿ ಸೂರ್ಯನ ಹೊರಗಿನ ಪದರ ಕರೋನಾ ನೋಡೋ ಉಪಕರಣ ತಯಾರಾಗಿದ್ದು ನಮ್ಮ ಹೊಸಕೋಟೇಲೇ. ಇಷ್ಟೆಲ್ಲ ಇದ್ದೂ "ಹವ್ಯಾಸಕ್ಕೆ ಸಾಕು" ಅಂತೀರಾ?

"ಕೆಲಸ ಎಲ್ಲಿದೆ" ಅಂತ ಕೇಳ್ತೀರಿ, ಗೊತ್ತು. ಸೀಟು ಕಡಿಮೆ, ಸಂಸ್ಥೆಗಳೂ ಬೆರಳೆಣಿಕೆ, ನಿಜ. ಆದ್ರೆ ಸಿಗ್ನಲ್ ಪ್ರೊಸೆಸಿಂಗ್, ಆರ್‌ಎಫ್ (ರೇಡಿಯೋ ಅಲೆಯ ಸರ್ಕ್ಯೂಟ್), ಆಪ್ಟಿಕ್ಸ್, ಕಂಟ್ರೋಲ್ ಕಲಿತ ಹುಡುಗಿ ಟೆಲಿಸ್ಕೋಪ್ ಬಿಟ್ಟು ಬಂದ್ರೂ ಉಪವಾಸ ಬೀಳಲ್ಲ, ರೇಡಾರ್, ಟೆಲಿಕಾಂ, ಮೆಡಿಕಲ್ ಇಮೇಜಿಂಗ್ ಎಲ್ಲಾ ಕಡೆ ಅದೇ ವಿದ್ಯೆ ಬೇಕು. ಹಾಗಾಗಿ ಈ ಭಯಕ್ಕೆ ನಾನು ಜಾಸ್ತಿ ಬೆಲೆ ಕೊಡಲ್ಲ. ನಂಗೆ ನೋವಾಗೋದು ಹದಿನೇಳು ವರ್ಷದ ಮಗು ಮುಂದೆ ಆ ಬಾಗಿಲೇ ಇಲ್ಲ ಅಂತ ಹೇಳಿಬಿಡೋದಕ್ಕೆ.

ಬಾಗಿಲು ಇದೆ. ಜೆಇಇ ಅಡ್ವಾನ್ಸ್ಡ್‌ನಲ್ಲಿ ರ‍್ಯಾಂಕ್ ಬಂದ್ರೆ ತಿರುವನಂತಪುರದ ಬಾಹ್ಯಾಕಾಶ ವಿಜ್ಞಾನ ಸಂಸ್ಥೆ ಐಐಎಸ್‌ಟಿ, ಇಂದೋರ್ ಐಐಟಿಯ ಸ್ಪೇಸ್ ಸೈನ್ಸಸ್ ಆಂಡ್ ಇಂಜಿನಿಯರಿಂಗ್. ಬರ್ಲಿಲ್ವಾ, ಇಲ್ಲೇ ಹತ್ರದ ಕಾಲೇಜಲ್ಲಿ ಎಲೆಕ್ಟ್ರಾನಿಕ್ಸೋ ಮೆಕ್ಯಾನಿಕಲ್ಲೋ ಮಾಡಿ, ಫಿಸಿಕ್ಸ್ ಪುಸ್ತಕ ಮಾತ್ರ ಮಾರಬೇಡಿ, ಆಮೇಲೆ ಮುಂದಿನ ಓದಿಗೆ ಗೇಟ್, ಜೆಸ್ಟ್ ಅನ್ನೋ ಪ್ರವೇಶ ಪರೀಕ್ಷೆ ಇದೆ, ಬೆಂಗಳೂರಿನ ಭಾರತೀಯ ಖಗೋಳ ಭೌತ ಸಂಸ್ಥೆ ಕಲ್ಕತ್ತಾ ವಿಶ್ವವಿದ್ಯಾಲಯದ ಜೊತೆ ಖಗೋಳ ಉಪಕರಣಗಳ ಬಗ್ಗೇನೇ ಎಂಟೆಕ್-ಪಿಎಚ್‌ಡಿ ನಡೆಸಿದೆ. ಅರ್ಹತೆ ನಿಯಮ ಬದಲಾಗ್ತಾ ಇರ್ತದೆ, ಆಯಾ ಸಂಸ್ಥೆ ಪ್ರಕಟಣೆ ನೋಡಿಯೇ ಅರ್ಜಿ ಹಾಕಿ. ಕಾರವಾರ, ಕುಮಟಾ, ಶಿರಸಿ ಕಡೆ ಇಂಥ ಮಕ್ಕಳು ಯಾರಾದ್ರೂ ಇದ್ರೆ ಅಪ್ಪ ಅಮ್ಮನ್ನೂ ಕರ್ಕೊಂಡು ಭಾನುವಾರ ನಮ್ಮನೆಗೆ ಬನ್ನಿ, ಕೂತು ಮಾತಾಡೋಣ.